ಕೈಯಲ್ಲಿ ಗಾಳಿ, ಕಾಲಡಿಯಲ್ಲಿ ರೆಕ್ಕೆ

ಮಳೆಗಾಲದಲ್ಲಿ ಶಾಲೆಗೆ ಹೊರಟಾಗ ಜೋರು ಗಾಳಿ ಬೀಸಿದರೆ ಕೊಡೆ ನಿಮ್ಮ ಮಾತು ಕೇಳುತ್ತದೆಯೇ? ಗಾಳಿಗೆ ಎದುರಾಗಿ ಹಿಡಿದರೆ ಹಿಂದಕ್ಕೆ ತಳ್ಳುತ್ತದೆ. ಸ್ವಲ್ಪ ಓರೆ ಮಾಡಿದರೆ ಪಕ್ಕಕ್ಕೆ ಎಳೆಯುತ್ತದೆ. ಕೊನೆಗೆ ಕಡ್ಡಿ ಮುರಿದು ಉಲ್ಟಾ ಆಗುತ್ತದೆ. ಮನೆಗೆ ಬಂದರೆ ಅಜ್ಜಿಯಿಂದ ಬೈಗುಳ ಬೇರೆ!

ಕೊಡೆಯ ಈ ಎಳೆತವನ್ನೇ ಆಟ ಮಾಡಿಕೊಂಡವರಿದ್ದಾರೆ. ಎರಡೂ ಕೈಗಳಲ್ಲಿ ಬಟ್ಟೆಯ ರೆಕ್ಕೆಯೊಂದನ್ನು ಹಿಡಿದು, ಹಲಗೆಯ ಮೇಲೆ ನಿಂತು, ನೀರಿನಿಂದ ಒಂದೆರಡು ಅಡಿ ಮೇಲೆ ತೇಲಿದಂತೆ ಸಾಗುತ್ತಾರೆ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಈ ಆಟದ ಹೆಸರು ವಿಂಗ್ ಫಾಯಿಲಿಂಗ್.

ಇದರಲ್ಲಿ ಇರುವುದು ಒಂದಲ್ಲ, ಎರಡು ರೆಕ್ಕೆ. ಒಂದು ಕೈಯಲ್ಲಿ, ಎಲ್ಲರಿಗೂ ಕಾಣುವಂಥದ್ದು. ಅದರ ಮುಂದಿನ ಅಂಚು ಗಾಳಿ ತುಂಬಿದ ದಪ್ಪ ಕೊಳವೆ. ಸೈಕಲ್ ಟ್ಯೂಬಿನಂತೆ ಪಂಪ್ ಹೊಡೆದರೆ ಬಿಗಿಯಾಗಿ ನಿಲ್ಲುತ್ತದೆ. ಇನ್ನೊಂದು ನೀರಿನೊಳಗೆ. ಹಲಗೆಯ ಅಡಿಯಿಂದ ಒಂದು ಕಂಬ ಇಳಿದಿರುತ್ತದೆ. ಅದರ ತುದಿಯಲ್ಲಿ ಪುಟ್ಟ ವಿಮಾನದಂತೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಸಣ್ಣ ರೆಕ್ಕೆ. ಇದೇ ಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ನೀರಿನೊಳಗಿನ ರೆಕ್ಕೆ ಚಿಕ್ಕದಾದರೂ, ವೇಗ ಕಡಿಮೆಯಿದ್ದರೂ, ಮನುಷ್ಯನನ್ನು ಹಲಗೆಸಮೇತ ಮೇಲೆತ್ತಬಲ್ಲದು.

ರೆಕ್ಕೆ ಮೇಲೆತ್ತುವುದು ಹೇಗೆ? ಮನೆಯಲ್ಲೇ ನೋಡಿ. ನಲ್ಲಿಯನ್ನು ಸಣ್ಣಗೆ ಬಿಡಿ. ಚಮಚದ ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ತಾಗಿಸಿ. ನೀರು ಚಮಚವನ್ನು ದೂರ ತಳ್ಳುತ್ತದೆ ಎಂದುಕೊಂಡಿರಾ? ಇಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ! ಚಮಚದ ಉಬ್ಬಿಗೆ ಅಂಟಿಕೊಂಡು ಹರಿಯುವ ನೀರು ದಿಕ್ಕು ಬದಲಿಸುತ್ತದೆ. ನೀರು ಒಂದು ಕಡೆಗೆ ತಿರುಗಿದರೆ ಚಮಚ ಅದರ ವಿರುದ್ಧ ಕಡೆಗೆ ಸರಿಯುತ್ತದೆ. ಫಾಯಿಲ್ ನೀರನ್ನು ಕೆಳಕ್ಕೆ ತಿರುಗಿಸುತ್ತದೆ, ತಾನು ಮೇಲಕ್ಕೇರುತ್ತದೆ. (ಪ್ರಯೋಗ ಮುಗಿದ ಮೇಲೆ ನಲ್ಲಿ ನಿಲ್ಲಿಸಲು ಮರೆಯಬೇಡಿ.)

ನೀರಿನೊಳಗಿನ ರೆಕ್ಕೆ ಹೊಸದೇನೂ ಅಲ್ಲ. 1906ರಲ್ಲಿ ಇಟಲಿಯ ಎನ್ರಿಕೊ ಫೋರ್ಲಾನಿನಿ ಮಜ್ಜೋರೆ ಸರೋವರದಲ್ಲಿ ಇಂಥ ರೆಕ್ಕೆಗಳಿದ್ದ ದೋಣಿಯನ್ನು ಓಡಿಸಿದ್ದರು. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಇದರ ಮೋಹಕ್ಕೆ ಬಿದ್ದವರೇ. ಅವರೂ ಕೇಸಿ ಬಾಲ್ಡ್‌ವಿನ್ ಅವರೂ ಸೇರಿ ಕಟ್ಟಿದ ಎಚ್‌ಡಿ-4 ಎಂಬ ದೋಣಿ 1919ರಲ್ಲಿ ಕೆನಡಾದ ಸರೋವರವೊಂದರಲ್ಲಿ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗ ಮುಟ್ಟಿ ದಾಖಲೆ ಬರೆಯಿತು. ಆಗ ಬೆಲ್ ಅವರಿಗೆ 72 ವರ್ಷ. ಅಜ್ಜಂದಿರು ಇದನ್ನು ಗಮನಿಸಬೇಕು!

ಕೈಯಲ್ಲಿ ಹಿಡಿಯುವ ರೆಕ್ಕೆಯನ್ನೂ ಹಿಂದೆ ಕೆಲವರು ಮಾಡಿ ನೋಡಿದ್ದರು. ಅದು ಹೆಚ್ಚು ಜನರನ್ನು ತಲುಪಲಿಲ್ಲ. ಸಾಮಾನ್ಯ ಹಲಗೆ ನೀರನ್ನು ಉಜ್ಜಿಕೊಂಡೇ ಸಾಗಬೇಕು. ಅದನ್ನು ವೇಗವಾಗಿ ಎಳೆಯಲು ಕೈಯಲ್ಲಿ ಹಿಡಿದಷ್ಟು ಬಟ್ಟೆ ಸಾಲದು. ಫಾಯಿಲ್ ಬಂದ ಮೇಲೆ ಲೆಕ್ಕ ಬದಲಾಯಿತು. ಹಲಗೆ ನೀರು ಬಿಟ್ಟು ಮೇಲೆದ್ದರೆ ಉಜ್ಜಾಟವೇ ಕಡಿಮೆ, ಸಣ್ಣ ಎಳೆತವೂ ಸಾಕು. 2018ರ ಸುಮಾರಿಗೆ ಹವಾಯಿಯ ಮಾವಿ ದ್ವೀಪದಲ್ಲಿ ಕೆನ್ ವಿನ್ನರ್ ಮತ್ತಿತರ ವಿನ್ಯಾಸಕಾರರು ಗಾಳಿ ತುಂಬುವ ರೆಕ್ಕೆಗಳನ್ನು ಫಾಯಿಲ್ ಜೊತೆ ಸೇರಿಸಿದರು. 2019ರಲ್ಲಿ ಅವು ಅಂಗಡಿಗೆ ಬಂದವು. ಭೂಗೋಳದ ಪಾಠದಲ್ಲಿ ಓದುವ ವಾಣಿಜ್ಯ ಮಾರುತಗಳು ಮಾವಿಯ ತೀರದಲ್ಲಿ ಎಡೆಬಿಡದೆ ಬೀಸುತ್ತವೆ. ಇಂಥ ಆಟ ಅಲ್ಲಿ ಚಿಗುರಿದ್ದರಲ್ಲಿ ಆಶ್ಚರ್ಯವಿಲ್ಲ.

ಜನ ಇದನ್ನು ಇಷ್ಟು ಬೇಗ ಮೆಚ್ಚಲು ಮುಖ್ಯ ಕಾರಣ ಒಂದೇ: ಬೇಡವೆನಿಸಿದರೆ ಕೈ ಬಿಡಬಹುದು. ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಸಾಗುವ ಆಟದಲ್ಲಿ ಇಪ್ಪತ್ತು ಮೀಟರಿಗೂ ಉದ್ದದ ದಾರಗಳಿರುತ್ತವೆ. ಅವು ಮರಕ್ಕೋ ಇನ್ನೊಬ್ಬರಿಗೋ ಸಿಕ್ಕಿಕೊಂಡರೆ ಅಪಾಯ. ಹಾಯಿಹಲಗೆಯಲ್ಲಿ ಹಾಯಿಯ ಕಂಬ ಹಲಗೆಗೇ ಜೋಡಿಸಿರುತ್ತದೆ. ಇಲ್ಲಿ ಹಾಗಿಲ್ಲ. ಹಿಡಿ ಬಿಟ್ಟರೆ ರೆಕ್ಕೆಯ ಎಳೆತ ತಟ್ಟನೆ ನಿಲ್ಲುತ್ತದೆ. ಮಣಿಕಟ್ಟಿಗೆ ಅಥವಾ ಸೊಂಟಕ್ಕೆ ಕಟ್ಟಿದ ಪಟ್ಟಿ ಇರುವುದರಿಂದ ಅದು ಹಾರಿಯೂ ಹೋಗುವುದಿಲ್ಲ. ಅಲೆ ಸಿಕ್ಕಿದರೆ ರೆಕ್ಕೆಯನ್ನು ಒಂದೇ ಕೈಯಲ್ಲಿ ಹಿಂದಕ್ಕೆ ಬಾವುಟದಂತೆ ಬಿಟ್ಟು, ಅಲೆಯ ಬಲದಲ್ಲೇ ಜಾರಬಹುದು. ಆಟ ಮುಗಿದ ಮೇಲೆ ಗಾಳಿ ತೆಗೆದು ಮಡಚಿದರೆ ರೆಕ್ಕೆ ಒಂದು ಚೀಲದಲ್ಲಿ ಹಿಡಿಸುತ್ತದೆ.

ಹಾಗಾದರೆ ಇದಕ್ಕೆ ಮಿತಿಯೇ ಇಲ್ಲವೇ? ಇದೆ, ಸಾಕಷ್ಟಿದೆ.

ಮೊದಲನೆಯದು ಗಾಳಿಯ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ 6 ಚದರ ಮೀಟರ್ ರೆಕ್ಕೆ ಹಿಡಿದವನಿಗೆ, 40 ಕಿಲೋಮೀಟರ್ ಗಾಳಿಯಲ್ಲಿ ಅಷ್ಟೇ ಬಲಕ್ಕೆ ಒಂದೂವರೆ ಚದರ ಮೀಟರ್ ಸಾಕು. ದೋಣಿಯ ಹಾಯಿಯನ್ನು ಮಡಚಿ ಚಿಕ್ಕದು ಮಾಡಬಹುದು, ಈ ರೆಕ್ಕೆಯನ್ನು ಹಾಗೆ ಮಾಡಲಾಗದು. ಹೀಗಾಗಿ ಒಬ್ಬರೇ ಎರಡು ಮೂರು ರೆಕ್ಕೆ ಇಟ್ಟುಕೊಳ್ಳಬೇಕು. ಎಲ್ಲ ಸೇರಿದರೆ ಖರ್ಚು ಲಕ್ಷಗಟ್ಟಲೆ ರೂಪಾಯಿ.

ಎರಡನೆಯದು ನಮ್ಮ ದೇಹದ ಅಳತೆ. ಮಂದಗಾಳಿಗೆ ದೊಡ್ಡ ರೆಕ್ಕೆ ಬೇಕು. ಆದರೆ ಅದನ್ನು ಹಿಡಿಯುವ ತೋಳು ಅಷ್ಟೇ ಉದ್ದ! ರೆಕ್ಕೆಯ ತುದಿ ನೀರಿಗೆ ಬಡಿದರೆ ಆಟ ಮುಗಿಯಿತು. ಕುಳ್ಳಗಿರುವವರಿಗೆ, ಮಕ್ಕಳಿಗೆ ಈ ಕಷ್ಟ ಇನ್ನೂ ಹೆಚ್ಚು.

ಮೂರನೆಯದು ಆ ದಪ್ಪ ಕೊಳವೆ. ರೆಕ್ಕೆಗೆ ಆಕಾರ ಕೊಡುವುದೂ ಅದೇ, ಗಾಳಿಯಲ್ಲಿ ತಡೆಯಾಗುವುದೂ ಅದೇ. ಯಾವ ಹಾಯಿಯೂ ಗಾಳಿಗೆ ನೇರ ಎದುರಾಗಿ ಸಾಗದು, ಅಂಕುಡೊಂಕಾಗಿ ಹೋಗಬೇಕು. ಹಾಗೆ ಹೋಗುವಾಗ ತೆಳುವಾದ ಹಾಯಿಗಿಂತ ಈ ರೆಕ್ಕೆ ಹಿಂದೆ ಬೀಳುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಾಯಿಲ್ ಇದ್ದ ಹಾಯಿಹಲಗೆ ಮತ್ತು ಗಾಳಿಪಟದ ಸ್ಪರ್ಧೆಗಳು ನಡೆದವು. ಕೈರೆಕ್ಕೆಯ ಸ್ಪರ್ಧೆ ಇರಲಿಲ್ಲ.

ಇನ್ನು ಫಾಯಿಲ್‌ನ ಅಂಚು ಹರಿತ, ಬಿದ್ದಾಗ ತಾಗಿದರೆ ಗಾಯ ಖಂಡಿತ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು. ಕಂಬವೇ ಮುಕ್ಕಾಲು ಮೀಟರಿಗೂ ಉದ್ದ ಇರುವುದರಿಂದ ಆಳವಿಲ್ಲದ ನೀರು, ಬಂಡೆ, ಮೀನಿನ ಬಲೆ ಎಲ್ಲವೂ ಶತ್ರುಗಳೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಅದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿದ್ದರೆ ದಡದ ಹತ್ತಿರ ನೀರು ಶಾಂತವಾಗಿ, ಸುಲಭವಾಗಿ ಕಾಣುತ್ತದೆ. ಹೊಸಬರು ಖುಷಿಯಿಂದ ಹೊರಡುತ್ತಾರೆ. ದೂರ ಹೋದ ಮೇಲೆ ತೋಳು ಸೋತರೆ, ಅಥವಾ ಬಿದ್ದು ಮತ್ತೆ ಏಳಲಾಗದಿದ್ದರೆ, ಗಾಳಿ ಅವರನ್ನು ಇನ್ನೂ ಹೊರಕ್ಕೇ ತಳ್ಳುತ್ತದೆ. ಆಗ ಕೈ ಬಿಟ್ಟರೆ ರೆಕ್ಕೆ ಸುಮ್ಮನಾಗುತ್ತದೆ, ಕಡಲು ಸುಮ್ಮನಾಗುವುದಿಲ್ಲ.

ಈ ಪಾಠ ನಮ್ಮ ಕರಾವಳಿಯ ಹಿರಿಯರಿಗೆ ಹೊಸದಲ್ಲ. ಎಂಜಿನ್ ಬರುವ ಮೊದಲು ಹಾಯಿದೋಣಿಯವರು ನಸುಕಿನ ನೆಲಗಾಳಿಯಲ್ಲಿ ಕಡಲಿಗೆ ಹೋಗಿ, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದರು. ಹೋಗುವ ಗಾಳಿ ಎಷ್ಟು ಮುಖ್ಯವೋ, ಮನೆಗೆ ಕರೆತರುವ ಗಾಳಿಯೂ ಅಷ್ಟೇ ಮುಖ್ಯ ಎಂಬುದು ಅವರ ಲೆಕ್ಕ.

ಮಂಗಳೂರು ಸಮೀಪದ ಮೂಲ್ಕಿ, ಸಸಿಹಿತ್ಲು ತೀರಗಳಲ್ಲಿ ಇಂದು ಸರ್ಫಿಂಗ್ ಕಲಿಯುವ ಮಕ್ಕಳಿದ್ದಾರೆ. ಮುಂದೊಂದು ದಿನ ನಿಮ್ಮಲ್ಲೊಬ್ಬರು ಕೈರೆಕ್ಕೆಯನ್ನೂ ಹಿಡಿಯಬಹುದು. ಮೊದಲು ಈಜು ಕಲಿಯಿರಿ, ಬಲ್ಲವರ ಬಳಿ ಪಾಠ ಹೇಳಿಸಿಕೊಳ್ಳಿ, ಒಬ್ಬರೇ ಹೋಗಬೇಡಿ. ಇಂದಿಗೆ ಇಷ್ಟು ಮಾಡಿ: ಸಂಜೆ ಅಜ್ಜನನ್ನೋ ಅಜ್ಜಿಯನ್ನೋ ಅಂಗಳಕ್ಕೆ ಕರೆದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿ. ಅವರು ಮರದ ಎಲೆಯನ್ನೋ ಒಲೆಯ ಹೊಗೆಯನ್ನೋ ನೋಡಿ ಹೇಳಿಬಿಡುತ್ತಾರೆ. ಈ ಆಟದ ಮೊದಲ ಪಾಠವೂ ಅದೇ.