ರೊಕ್ಕ ಕೊಟ್ಟು ಅಂಜುವ ವಿದ್ಯೆ

ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಹೊತ್ತು ಬರುವ ದಿನಗಳು ಅಧ್ಯಾಪಕರಿಗೆ ಆಕಳಿಕೆಯ ದಿನಗಳು. ಅದೇ ಸೌರ ಒಲೆ, ಅದೇ ಶೇಂಗಾ ಸುಲಿಯುವ ಯಂತ್ರ. ಹೀಗಿರುವಾಗ ಹಟ್ಟಿಯಿಂದ ಬಂದಿದ್ದ ಹುಡುಗನೊಬ್ಬ ನನ್ನ ಮೇಜಿನ ಮೇಲೆ ಬೇರೆಯದೇ ಒಂದು ನಕ್ಷೆ ಹರಡಿದ. ಚಿನ್ನದ ಗಣಿಯೊಳಕ್ಕೆ ಕಾರ್ಮಿಕರನ್ನು ಇಳಿಸುವ ಕೇಜಿನಂಥ ಒಂದು ಕೋಣೆ. ಒಳಗೆ ಹನ್ನೆರಡು ಮಂದಿ ಕೂರಬೇಕು, ದೀಪ ಆರಬೇಕು, ಕೋಣೆ ಇಪ್ಪತ್ತೈದು ಮೀಟರ್ ಧುಮುಕಿ ನಿಲ್ಲಬೇಕು. ಓದು ಮುಗಿಸಿದ ಮೇಲೆ ಮನರಂಜನಾ ಉದ್ಯಾನಗಳ ಆಟಗಳನ್ನು ರೂಪಿಸುವ ಕೆಲಸಕ್ಕೇ ಹೋಗಬೇಕೆಂಬುದು ಅವನ ಬಯಕೆ.

ನಾನು ಆಗ ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 'ಇದರಲ್ಲಿ ಕೆಲಸ ಎಲ್ಲಿದೆಯಪ್ಪಾ? ಗೇಟ್ ಪರೀಕ್ಷೆಗೆ ಓದಿಕೋ' ಎಂದೆ. ಅವನು ಮೆಲ್ಲಗೆ, 'ಬಿಡದಿಗೆ ಹೋದವರೆಲ್ಲ ಕೂಗಿಕೊಂಡು ಬರ್ತಾರಲ್ಲ ಸರ್, ಆ ಕೂಗನ್ನು ಮೊದಲೇ ಲೆಕ್ಕ ಹಾಕಿದವರು ಒಬ್ಬರು ಇರಬೇಕಲ್ಲ?' ಎಂದ.

ಇರಬೇಕು, ಇದ್ದಾರೆ. 1895ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ 'ಫ್ಲಿಪ್ ಫ್ಲ್ಯಾಪ್' ಎಂಬ ಆಟ ಇತ್ತು. ಹಳಿಯನ್ನು ಬಳೆಯಂತೆ ಪೂರ್ಣ ವೃತ್ತಾಕಾರವಾಗಿ ಬಗ್ಗಿಸಿದ್ದರು. ಅದರಲ್ಲಿ ಕುಳಿತವರ ಕುತ್ತಿಗೆ ಉಳುಕುತ್ತಿತ್ತು. ಕಾರಣ ಎರಡನೆಯ ವರ್ಷದ ವಿದ್ಯಾರ್ಥಿಗೂ ತಿಳಿಯುವಂಥದು. ವೃತ್ತದ ನೆತ್ತಿಯಲ್ಲಿ ಬಂಡಿ ಬೀಳದೆ ದಾಟಬೇಕಾದರೆ, ಬುಡದಲ್ಲಿ ಸವಾರನ ಮೇಲೆ ಅವನ ತೂಕದ ಸುಮಾರು ಆರು ಪಟ್ಟು ಬಲ ಬೀಳುತ್ತದೆ, ಅದೂ ಒಮ್ಮೆಗೇ. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಬುಡದಲ್ಲಿ ಅಗಲವಾಗಿ, ನೆತ್ತಿಯಲ್ಲಿ ಕಿರಿದಾಗುವ, ನೀರಿನ ಹನಿಯಂಥ ವಕ್ರವನ್ನು ಲೆಕ್ಕ ಹಾಕಿ ಕೊಟ್ಟ. ಅದು 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉಕ್ಕಿನ ಹಳಿಯಾಗಿ ನಿಂತಿತು. ಕೂಗು ಉಳಿಯಿತು, ಕುತ್ತಿಗೆಯೂ ಉಳಿಯಿತು. ಈ ವಿದ್ಯೆಯ ಸಾರವೇ ಅದು: ಭಯವನ್ನು ಪೂರ್ತಿ ಕೊಡಬೇಕು, ಅಪಾಯವನ್ನು ಕೊಡಕೂಡದು.

ಅಮೆರಿಕದಲ್ಲಿ ಇದನ್ನು ವಿಶ್ವವಿದ್ಯಾಲಯಗಳಲ್ಲಿಯೇ ಕಲಿಸುತ್ತಾರೆ. ಸವಾನಾದ ಕಲಾ ವಿದ್ಯಾಲಯದಲ್ಲಿ ಇದಕ್ಕೆಂದೇ ಸ್ನಾತಕೋತ್ತರ ಪದವಿಯಿದೆ. ಕಾರ್ನೆಗಿ ಮೆಲನ್‌ನ ಮನರಂಜನಾ ತಂತ್ರಜ್ಞಾನ ಕೇಂದ್ರದಲ್ಲಿ ಚಿತ್ರ ಬರೆಯುವವನೂ ಪ್ರೋಗ್ರಾಂ ಬರೆಯುವವನೂ ಒಂದೇ ತಂಡದಲ್ಲಿ ದುಡಿಯುತ್ತಾರೆ. ನಮ್ಮಲ್ಲಿ ಉದ್ಯಾನಗಳಿವೆ, ದಾರಿ ಇಲ್ಲ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಆರಂಭಿಸಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದರು. ದೊಡ್ಡ ಆಟಗಳನ್ನು ವಿದೇಶಗಳಿಂದ ತರಿಸಿದರೂ ಕೆಲವನ್ನು ಸಂಸ್ಥೆಯೇ ತಯಾರಿಸಿಕೊಂಡಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಸಿಮೆಂಟಿನ ಆಳೆತ್ತರದ ಶಿಲ್ಪಗಳಲ್ಲಿ ಮೂಡಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ರದರ್ಶನ ವಿನ್ಯಾಸ ಕಲಿಯಬಹುದು. ಆದರೆ ರಾಯಚೂರಿನಂಥ ಊರಿನಲ್ಲಿ ಬಲವಿಜ್ಞಾನ ಓದಿದ ಹುಡುಗನನ್ನು ಶಿಲ್ಪ ಬಲ್ಲವನ ಪಕ್ಕ ಕೂರಿಸುವ ಒಂದು ಐಚ್ಛಿಕ ಪಠ್ಯವಾದರೂ ಬೇಡವೇ? ಅದಿಲ್ಲದ ಕಾರಣ ಹುಡುಗರು ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ನೋಡಿ, ಕಂಪ್ಯೂಟರ್ ಆಟಗಳಲ್ಲಿ ಹಳಿ ಜೋಡಿಸಿ, ಅದೇ ವಿದ್ಯೆಯೆಂದು ನಂಬುತ್ತಾರೆ.

ಹಾಗೆ ನಂಬುವುದರ ಬೆಲೆ ಸಣ್ಣದಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುವ ಆಟದ ಯಂತ್ರ ಮುರಿದುಬಿದ್ದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ನಮ್ಮ ಜಾತ್ರೆಗಳ ಗಿರಿಗಿಟ್ಲೆ, ತೊಟ್ಟಿಲುಗಳ ಮಾತು ಆಡುವುದೇ ಬೇಡ. ರಾತ್ರಿ ಲಾರಿಯಿಂದ ಇಳಿದದ್ದು ಬೆಳಗಾಗುವಷ್ಟರಲ್ಲಿ ನಿಂತು ತಿರುಗುತ್ತಿರುತ್ತದೆ.

ನನ್ನ ಶಿಷ್ಯನ ನಕ್ಷೆಯಲ್ಲಿ ಬೀಳುವ ವೇಗದ ಲೆಕ್ಕ ಮೂರು ಪುಟ ಇತ್ತು, ನಿಲ್ಲುವ ಲೆಕ್ಕ ಅರ್ಧ ಪುಟ. 'ನಿಮ್ಮ ತಂದೆಗೆ ತೋರಿಸಿದೆಯಾ?' ಎಂದು ಕೇಳಿದೆ. ಗಣಿಯಲ್ಲಿ ದುಡಿದು ನಿವೃತ್ತರಾದವರು, ಕೊನೆಯ ವರ್ಷಗಳಲ್ಲಿ ಶಾಫ್ಟಿನ ಬಾಯಿಯಲ್ಲಿ ನಿಂತು ಗಂಟೆ ಕೊಡುತ್ತಿದ್ದವರು. ತೋರಿಸಿರಲಿಲ್ಲ. ಒಂದು ಭಾನುವಾರ ಇಬ್ಬರೂ ಹಟ್ಟಿಗೆ ಹೋದೆವು.

ಲಿಂಗಸುಗೂರು ದಾಟಿ ಹೋದರೆ ಹಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಣಿಯ ಹೆಡ್‌ಗೇರ್. ಉಕ್ಕಿನ ಆ ಗೋಪುರದ ತುದಿಯಲ್ಲಿ ದೊಡ್ಡ ಗಾಲಿಗಳು, ಅವುಗಳ ಮೇಲಿಂದ ಇಳಿಬಿದ್ದ ಉಕ್ಕಿನ ಹಗ್ಗ. ಈ ನೆಲದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಸೀಳಿ ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. ಈಗಿನ ಕಂಪನಿ 1947ರದು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು, ಹಟ್ಟಿಯ ಗಾಲಿ ನಿಲ್ಲಲಿಲ್ಲ.

ತಂದೆ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, 'ನಾವು ಹೊಟ್ಟಿಪಾಡಿಗೆ ಅಂಜಿಕೋಂತ ಇಳಿದೀವ್ರಿ ಸರ. ಮಂದಿ ರೊಕ್ಕ ಕೊಟ್ಟು ಅಂಜಾಕ ಬರ್ತಾರೇನ್ರಿ?' ಎಂದರು. ಕೋಪವೋ ಬೆರಗೋ ತಿಳಿಯಲಿಲ್ಲ. ಮಗ ತಲೆ ತಗ್ಗಿಸಿದ.

ಉತ್ತರ ಹೇಳುವ ಸರದಿ ನನ್ನದಾಯಿತು. ರೋಲರ್ ಕೋಸ್ಟರ್ ಹುಟ್ಟಿನಲ್ಲೇ ಗಣಿಯ ಪಾಲಿದೆ ಎಂದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1827ರಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಮಾಕ್ ಚಂಕ್ ಎಂಬ ಊರಿಗೆ ಕಲ್ಲಿದ್ದಲು ಸಾಗಿಸಲು ಹಳಿ ಹಾಕಿದರು. ಬಂಡಿಗಳು ತಮ್ಮ ತೂಕದಿಂದಲೇ ಉರುಳಿ ಇಳಿಯುತ್ತಿದ್ದವು. ಖಾಲಿ ಬಂಡಿಗಳನ್ನು ಮೇಲಕ್ಕೆಳೆಯುವ ಹೇಸರಗತ್ತೆಗಳು ಇಳಿಯುವಾಗ ಮಾತ್ರ ತಾವೂ ಬಂಡಿಯಲ್ಲೇ ಸವಾರಿ ಬರುತ್ತಿದ್ದವು. ನೋಡಿದ ಜನ ಕಾಸು ಕೊಟ್ಟು ತಾವೂ ಹತ್ತಿದರು. ಅದರಿಂದ ಪ್ರೇರಿತನಾದ ಲಾಮಾರ್ಕಸ್ ಥಾಂಪ್ಸನ್ 1884ರಲ್ಲಿ ಕೋನಿ ಐಲೆಂಡಿನಲ್ಲಿ ಐದು ಸೆಂಟಿನ ಟಿಕೆಟ್ಟಿಗೆ ಇಳಿಜಾರಿನ ರೈಲು ಓಡಿಸಿದ. ಜೋಹಾನ್ಸ್‌ಬರ್ಗ್‌ನಲ್ಲಿ ಹಳೆಯ ಚಿನ್ನದ ಗಣಿಯ ಶಾಫ್ಟಿನ ಮೇಲೆಯೇ 1987ರಲ್ಲಿ ಉದ್ಯಾನ ಕಟ್ಟಿದರು.

ಹೇಸರಗತ್ತೆಯ ಕಥೆಗೆ ಅವರು ನಕ್ಕರು. ಜೋಹಾನ್ಸ್‌ಬರ್ಗ್‌ನ ಮಾತಿಗೆ ನಗಲಿಲ್ಲ. 'ಒಳಗ ಸತ್ತವ್ರ ಹೆಸರು ಅಲ್ಲಿ ಬರ್ದಾರೇನ್ರಿ?' ಎಂದು ಕೇಳಿದರು. ಆಟ ರೂಪಿಸಹೊರಟವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ನನ್ನ ಬಾಯಿಂದ ಅದು ಬಂದಿರಲಿಲ್ಲ. ನಾನು ಸುಮ್ಮನಾದೆ.

ಆಮೇಲೆ ಪಾಠ ಅವರದಾಯಿತು. ಹಗ್ಗವನ್ನು ದಿನವೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವುದು, ಕೇಜು ಮೇಲಿನ ಮಿತಿ ದಾಟಿದರೆ ಹಗ್ಗದಿಂದ ತಾನೇ ಕಳಚಿಕೊಂಡು ಬೀಳದೆ ತೂಗುನಿಲ್ಲುವ ಕೊಂಡಿ, ವೈಂಡರ್ ಓಡಿಸುವವನಿಗೂ ಗಂಟೆ ಕೊಡುವವನಿಗೂ ಇರುವ ಒಪ್ಪಂದ. ಓಡುತ್ತಿರುವ ಕೇಜಿಗೆ ಒಂದು ಗಂಟೆ ಎಂದರೆ ನಿಲ್ಲಿಸು ಎಂದರ್ಥ. ಯಾರು, ಯಾಕೆ ಎಂದು ವೈಂಡರಿನವನು ಕೇಳುವಂತಿಲ್ಲ, ಮೊದಲು ನಿಲ್ಲಬೇಕು. ಮಗ ನಕ್ಷೆಯ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಲೇ ಇದ್ದ. 'ಕತ್ತಲಾಗ ಇಳಿಯುವಾಗ ಏನ್ ನೋಡತಿದ್ರಿ ಅಪ್ಪಾ?' ಎಂದು ಒಮ್ಮೆ ಕೇಳಿದ.

'ನೋಡೂದೇನಿತ್ತು? ಗಂಟಿ ಕೇಳತಿದ್ದೆ.'

ಎರಡು ವಾರ ಬಿಟ್ಟು ಹುಡುಗ ಹೊಸ ನಕ್ಷೆ ತಂದ. ಧುಮುಕುವ ಎತ್ತರ ಇಪ್ಪತ್ತೈದರಿಂದ ಹನ್ನೆರಡು ಮೀಟರಿಗೆ ಇಳಿದಿತ್ತು. ನಿಲ್ಲಿಸುವ ಲೆಕ್ಕ ಏಳು ಪುಟವಾಗಿತ್ತು. ಆರನೆಯ ಪುಟದಲ್ಲಿ ಗುಣಾಕಾರದ ತಪ್ಪೊಂದಿತ್ತು. ಕೆಂಪು ಶಾಯಿಯಲ್ಲಿ ಗುರುತು ಮಾಡಿ ಹಿಂದಿರುಗಿಸಿದೆ. ಕೋಣೆಯ ಒಳಗೆ, ಸವಾರರ ಕೈಗೆ ಎಟಕುವಂತೆ, ಹಗ್ಗ ಕಟ್ಟಿದ ಒಂದು ಗಂಟೆಯನ್ನು ಅವನು ಬರೆದಿದ್ದ.