ಕಡಲು, ಘಟ್ಟ ಮತ್ತು ನೆರೆಮನೆ

ಬಯಲುಸೀಮೆಯ ಪುಟ್ಟ ಊರೊಂದರಲ್ಲಿ ನಾವು ಹಿಂದೆ ಕೆಲವು ವರ್ಷ ಧರ್ಮಗುರುವಾಗಿದ್ದೆವು. ಜುಲೈ ತಿಂಗಳು ಬಂತೆಂದರೆ ಅಲ್ಲಿನ ರೈತರು ಬಂದು, ಮಳೆಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಳ್ಳುತ್ತಿದ್ದರು. ಮುಂದೆ ನಮಗೆ ಕರಾವಳಿಗೆ ವರ್ಗವಾಯಿತು. ಅಲ್ಲಿ ಅದೇ ಜುಲೈ ತಿಂಗಳಲ್ಲಿ, ಅಷ್ಟೇ ಶ್ರದ್ಧೆಯಿಂದ ಜನರು ಬಂದು, ಮಳೆ ಎರಡು ದಿನವಾದರೂ ಬಿಡುವು ಕೊಡಲೆಂದು, ಕಡಲು ಶಾಂತವಾಗಲೆಂದು ಪ್ರಾರ್ಥಿಸುವಂತೆ ಕೋರಿದರು. ಎರಡೂ ಊರುಗಳ ನಡುವೆ ಬಸ್ಸಿನಲ್ಲಿ ಒಂದು ಹಗಲಿನ ಪಯಣವಷ್ಟೇ. ಒಂದೇ ರಾಜ್ಯ, ಒಂದೇ ನುಡಿ. ಆದರೆ ಬೇಡಿಕೆ ಮಾತ್ರ ಪರಸ್ಪರ ವಿರುದ್ಧ! ಈ ವೈರುಧ್ಯದ ಕಾರಣವನ್ನು ಮನುಷ್ಯರ ಸ್ವಭಾವದಲ್ಲಿ ಹುಡುಕಿ ಫಲವಿಲ್ಲ. ಅದು ಅರಬ್ಬೀ ಸಮುದ್ರದಲ್ಲಿಯೂ ಆ ಸಮುದ್ರಕ್ಕೆ ಎದುರಾಗಿ ನಿಂತ ಘಟ್ಟದಲ್ಲಿಯೂ ಇದೆ.

ಭೂಮಿಯ ಮೇಲ್ಮೈಯಲ್ಲಿ ಶೇಕಡಾ ೭೧ರಷ್ಟು ಭಾಗ ಸಾಗರವೇ. ಇತರ ಮಹಾಸಾಗರಗಳಿಗಿಲ್ಲದ ಒಂದು ವೈಶಿಷ್ಟ್ಯ ಹಿಂದೂ ಮಹಾಸಾಗರಕ್ಕಿದೆ: ಅದರ ಉತ್ತರ ದಿಕ್ಕನ್ನು ಏಷ್ಯಾ ಖಂಡವು ಸಂಪೂರ್ಣವಾಗಿ ಮುಚ್ಚಿಬಿಟ್ಟಿದೆ. ಬೇಸಗೆಯಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಾಗ, ಕಡಲ ಮೇಲಿನ ತೇವಭರಿತ ಗಾಳಿ ಆ ತೆರವನ್ನು ತುಂಬಲು ಧಾವಿಸುತ್ತದೆ. ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ ೧೬೮೬ರಲ್ಲಿಯೇ ಮುಂಗಾರಿಗೆ ಈ ವಿವರಣೆಯನ್ನು ಕೊಟ್ಟಿದ್ದನು. ಮುಂದಿನ ವಿಜ್ಞಾನವು ಅದಕ್ಕೆ ಹಲವು ತಿದ್ದುಪಡಿಗಳನ್ನು ಸೇರಿಸಿದರೂ ಮೂಲ ಒಳನೋಟ ಇಂದಿಗೂ ಉಳಿದಿದೆ. ಹೀಗೆ ಬಂದ ಗಾಳಿಗೆ ಸುಮಾರು ೧,೬೦೦ ಕಿಲೋಮೀಟರ್ ಉದ್ದದ ಪಶ್ಚಿಮ ಘಟ್ಟವು ಅಡ್ಡಗಟ್ಟುತ್ತದೆ. ಗಾಳಿ ಮೇಲೇರಿ ತಣ್ಣಗಾಗಿ ತನ್ನ ಭಾರವನ್ನು ಇಳಿಸುತ್ತದೆ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಘಟ್ಟದ ಮಳೆನೆರಳಿನಲ್ಲಿರುವ ಚಳ್ಳಕೆರೆಗೆ ದಕ್ಕುವುದು ೫೦೦ ಮಿಲಿಮೀಟರಿನ ಆಸುಪಾಸು ಮಾತ್ರ.

ಈ ಒಂದು ಅಂತರದಿಂದ ಎಷ್ಟೊಂದು ಬದುಕುಗಳು ರೂಪುಗೊಂಡಿವೆ ನೋಡಿ! ಇಲ್ಲಿ ಗಂಜಿ, ಅಲ್ಲಿ ರಾಗಿಮುದ್ದೆ ಮತ್ತು ಜೋಳದ ರೊಟ್ಟಿ. ಅಲ್ಲಿ ಚಪ್ಪಟೆ ಛಾವಣಿಯ ಮಣ್ಣಿನ ಮಾಳಿಗೆ ಮನೆ, ಇಲ್ಲಿ ಇಳಿಜಾರು ಮಾಡು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ, ಹೆಂಚಿಗೆ ಬೇಕಾದ ಜೇಡಿಯನ್ನು ಕೊಟ್ಟದ್ದೂ ಈ ಮಳೆಯ ನದಿಗಳೇ, ಹೆಂಚಿನ ಅಗತ್ಯವನ್ನು ಹುಟ್ಟಿಸಿದ್ದೂ ಈ ಮಳೆಯೇ. ನಮ್ಮ ಪಂಚಾಂಗವನ್ನು ಬರೆದದ್ದೂ ಕಡಲೇ ಎನ್ನಬಹುದು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಸೆಪ್ಟೆಂಬರ್ ೮ರಂದು ನಮ್ಮ ಮನೆಗಳಲ್ಲಿ ಮೊಂತಿ ಹಬ್ಬದ ಹೊಸ ತೆನೆಯನ್ನು ಊಟಕ್ಕೆ ಬೆರೆಸಿದರೆ, ಅದೇ ಋತುವಿನಲ್ಲಿ ನೆರೆಯ ಹಿಂದೂ ಬಂಧುಗಳು ಮನೆಯ ಬಾಗಿಲಿಗೆ ಕದಿರು ಕಟ್ಟುತ್ತಾರೆ. ಮುಂಗಾರು ಒಂದೇ, ತೆನೆಯೂ ಒಂದೇ.

ಕಡಲನ್ನೇ ಕಾಣದವನಿಗೆ ಕಡಲಿನೊಡನೆ ಸಂಬಂಧವಿಲ್ಲವೆಂದು ಭಾವಿಸುವಂತಿಲ್ಲ. ಕಾವೇರಿಯು ಅರಬ್ಬೀ ಸಮುದ್ರದಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹುಟ್ಟುತ್ತದೆ. ಆದರೆ ಘಟ್ಟದ ಇಳಿಜಾರು ಪೂರ್ವಕ್ಕಿರುವ ಕಾರಣ ಸುಮಾರು ೮೦೦ ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಂಡ್ಯದ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಬರುವ ಆ ನೀರಿನ ಬಹುಪಾಲು ಅರಬ್ಬೀ ಸಮುದ್ರದ ಮೇಲಿನಿಂದ ಬೀಸಿ ಬಂದ ಗಾಳಿಯೇ ಹೊತ್ತು ತಂದದ್ದು.

ಹಾಗಾದರೆ ಮನುಷ್ಯನು ಭೂಗೋಳದ ಕೈಗೊಂಬೆಯೇ? ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ೧೭೪೮ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಜನರ ಸ್ವಭಾವವನ್ನೂ ಕಾನೂನುಗಳನ್ನೂ ಹವಾಮಾನವು ಬಹುಮಟ್ಟಿಗೆ ರೂಪಿಸುತ್ತದೆಂದು ವಾದಿಸಿದನು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಈ ವಾದ ನಮ್ಮನ್ನು ಆಕರ್ಷಿಸಿತ್ತು. ಜನರ ನಡುವೆ ಬಾಳಿದ ಮೇಲೆ ಅದು ಅರ್ಧಸತ್ಯವೆಂದು ತೋರಿತು. ಭೂಗೋಳವು ಪ್ರಶ್ನೆಯನ್ನು ಕೇಳುತ್ತದೆ; ಉತ್ತರ ಹೇಳುವ ಹೊಣೆ ಮನುಷ್ಯನದು. ಬರದ ಪ್ರಶ್ನೆಗೆ ಬಯಲುಸೀಮೆಯ ಹಿರಿಯರು ಸಾಲುಕೆರೆಗಳನ್ನು ಕಟ್ಟಿ ಉತ್ತರಿಸಿದರು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ, ಉಪ್ಪನ್ನು ತಾಳಬಲ್ಲ ಕಗ್ಗವೆಂಬ ಭತ್ತವನ್ನು ಬೆಳೆದು ಅಲ್ಲಿನ ರೈತರು ಉತ್ತರಿಸಿದರು. ಅವು ಪ್ರಶ್ನೆಯನ್ನು ಪೂರ್ತಿಯಾಗಿ ಆಲಿಸಿ ಕೊಟ್ಟ ಉತ್ತರಗಳು.

ನಮ್ಮ ಕಾಲದ ಉತ್ತರಗಳಲ್ಲಿ ಆ ತಾಳ್ಮೆ ಕಾಣುವುದಿಲ್ಲ. ನಾವು ಸುಟ್ಟ ಇಂಧನದಿಂದ ಭೂಮಿಯಲ್ಲಿ ಸಂಗ್ರಹವಾದ ಹೆಚ್ಚುವರಿ ಶಾಖದಲ್ಲಿ ಶೇಕಡಾ ೯೦ಕ್ಕೂ ಹೆಚ್ಚು ಭಾಗವನ್ನು ಸಾಗರವೇ ನುಂಗಿಕೊಂಡಿದೆ. ನುಂಗಿದ ಶಾಖ ಈಗ ಬೇರೆ ರೂಪದಲ್ಲಿ ಹಿಂತಿರುಗುತ್ತಿದೆ. ೨೦೧೯ರ ಒಂದೇ ವರ್ಷದಲ್ಲಿ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. ಅಷ್ಟು ಸಂಖ್ಯೆ ಅದಕ್ಕೆ ಮುನ್ನ ೧೯೦೨ರಲ್ಲಿ ಮಾತ್ರ ದಾಖಲಾಗಿತ್ತು. ೨೦೨೧ರ ಮೇ ತಿಂಗಳಲ್ಲಿ ತೌಕ್ತೆಯು ನಮ್ಮ ತೀರದ ಮನೆಗಳನ್ನೂ ರಸ್ತೆಗಳನ್ನೂ ಕೆಡವಿ ಗುಜರಾತಿನತ್ತ ಸಾಗಿತು. ಮುಂಗಾರಿನಲ್ಲಿ ಕಡಲ ತಳದಿಂದ ಮೇಲೇಳುವ ತಣ್ಣೀರಿನ ಪೋಷಣೆಯನ್ನು ನಂಬಿ ಬದುಕುವ ಬಡವರ ಮೀನು ಬೂತಾಯಿ, ನೆರೆಯ ಕೇರಳದಲ್ಲಿ ೨೦೧೨ರಲ್ಲಿ ಸುಮಾರು ೪ ಲಕ್ಷ ಟನ್ ಸಿಕ್ಕಿತ್ತು. ೨೦೨೧ರಲ್ಲಿ ಅದು ೪ ಸಾವಿರ ಟನ್ನಿಗೂ ಕೆಳಗಿಳಿಯಿತು. ಮರುವರ್ಷ ಚೇತರಿಕೆ ಕಂಡರೂ ಎಚ್ಚರಿಕೆಯನ್ನು ಮರೆಯಲಾಗದು. ಇತ್ತ ಬೆಟ್ಟಗಳೂ ಸುಮ್ಮನಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗು, ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರು ಕುಸಿದದ್ದನ್ನು ಕಂಡೆವು.

ದೂರದವರ ತಪ್ಪನ್ನಷ್ಟೇ ಎಣಿಸಿ ಲೇಖನ ಮುಗಿಸುವುದು ಸುಲಭ. ಆದರೆ ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕಾಗಿದೆ. ಕರಾವಳಿಯ ಆ ಊರಿನಲ್ಲಿ ನಮ್ಮ ಸ್ಮಶಾನವು ಕಡಲಿಗೆ ಸಮೀಪವಿತ್ತು. ಒಂದು ಮಳೆಗಾಲದಲ್ಲಿ ಅಲೆಗಳು ಅದರ ಆವರಣಗೋಡೆಯನ್ನು ತಟ್ಟತೊಡಗಿದವು. ಹಿರಿಯರ ಸಮಾಧಿಗಳು ಕೊಚ್ಚಿಹೋಗುವ ಭೀತಿಯಿಂದ ಜನರು ತಲ್ಲಣಿಸಿದರು. ತಡೆಗೋಡೆಗಾಗಿ ಮನವಿ ಸಿದ್ಧವಾಯಿತು; ಮೊದಲ ಸಹಿ ನಮ್ಮದೇ. ಘಟ್ಟದ ಬುಡದ ಕ್ವಾರಿಗಳಿಂದ ಲಾರಿಗಟ್ಟಲೆ ಬಂಡೆಗಳು ಬಂದವು. ಗೋಡೆ ಎದ್ದಿತು, ಸಮಾಧಿಗಳು ಉಳಿದವು, ಕೃತಜ್ಞತಾ ಪೂಜೆಯನ್ನೂ ಅರ್ಪಿಸಿದೆವು.

ಆದರೆ ತೀರದ ಮರಳು ಒಂದೆಡೆ ನಿಲ್ಲುವ ಆಸ್ತಿಯಲ್ಲ. ನದಿಯು ಬೆಟ್ಟದಿಂದ ತರುವ ಮರಳನ್ನು ಅಲೆಗಳು ದಡದುದ್ದಕ್ಕೂ ಸಾಗಿಸುತ್ತ, ಇಲ್ಲಿಂದ ಒಯ್ದು ಅಲ್ಲಿಗೆ ಕೊಡುತ್ತಿರುತ್ತವೆ. ಅಣೆಕಟ್ಟು ಮತ್ತು ಮರಳುಗಾರಿಕೆಗಳಿಂದ ಬರುವ ಮರಳೇ ಕುಗ್ಗಿದಾಗ, ಒಂದೆಡೆ ಕಲ್ಲು ಹಾಕಿದರೆ ಹಸಿದ ಅಲೆ ಪಕ್ಕದ ದಡವನ್ನು ತಿನ್ನುತ್ತದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯಾಚೆಗಿದ್ದ ಮೀನುಗಾರರ ಕೇರಿಯ ತೆಂಗಿನ ಸಾಲು ಕಡಲಪಾಲಾಯಿತು, ಬಳಿಕ ಎರಡು ಮನೆಗಳೂ ಹೋದವು. ಸಾಂತ್ವನ ಹೇಳಲು ಹೋದ ನಮಗೆ ಅಲ್ಲಿನ ವೃದ್ಧೆಯೊಬ್ಬರು, ಕೋಪದ ಲವಲೇಶವೂ ಇಲ್ಲದೆ, ‘ನಿಮ್ಮ ಸತ್ತವರು ಉಳಿದರು ಸ್ವಾಮಿ, ಬದುಕಿರುವ ನಾವು ಎಲ್ಲಿಗೆ ಹೋಗೋಣ?’ ಎಂದು ಕೇಳಿದರು. ಕಲಿತ ತತ್ತ್ವಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾವು ತಲೆ ತಗ್ಗಿಸಿ ಹಿಂದಿರುಗಿದೆವು.

ಗೋಡೆಯನ್ನು ಇನ್ನಷ್ಟು ಉದ್ದಗೊಳಿಸುವ ಮನವಿ ಮರುವರ್ಷ ನಮ್ಮ ಮೇಜಿಗೆ ಬಂದಾಗ, ಆ ಕೇರಿಯವರನ್ನೂ ಅದರಾಚೆಯ ಕೇರಿಯವರನ್ನೂ ಒಟ್ಟಿಗೆ ಕೂರಿಸಿ ಮಾತನಾಡುವವರೆಗೆ ಸಹಿ ಹಾಕುವುದಿಲ್ಲವೆಂದೆವು. ಸಭೆ ದೀರ್ಘವಾಗಿತ್ತು, ಸುಲಭವಾಗಿರಲಿಲ್ಲ. ಕಲ್ಲಿನ ಬದಲು ಸ್ಮಶಾನದ ಒಂದು ಪಾಲನ್ನೇ ಒಳನಾಡಿಗೆ ಸ್ಥಳಾಂತರಿಸಬಹುದಲ್ಲವೇ ಎಂಬ ಮಾತು ಅಲ್ಲಿ ಮೊದಲ ಬಾರಿಗೆ ಕೇಳಿಬಂತು. ಅದನ್ನು ಹೇಳಿದವರು ನಮ್ಮ ಊರಿನವರೇ ಎಂಬುದು ನಮಗೆ ಸಮಾಧಾನ ತಂದ ಸಂಗತಿ.

ನೆರೆಯವನು ಯಾರೆಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಧರ್ಮಗ್ರಂಥದಲ್ಲಿ ಉತ್ತರ ಹುಡುಕುತ್ತೇವೆ. ಭೂಗೋಳವೂ ಅದಕ್ಕೊಂದು ಉತ್ತರವನ್ನು ಇಟ್ಟುಕೊಂಡಿದೆ: ನಾವು ತಡೆದ ಮರಳು ಯಾರ ಅಂಗಳಕ್ಕೆ ಸೇರಬೇಕಿತ್ತೋ, ನಾವು ಒಡೆದ ಬಂಡೆ ಯಾರ ಬೆಟ್ಟವನ್ನು ಹಿಡಿದು ನಿಲ್ಲಿಸಿತ್ತೋ, ಅವರೇ ನಮ್ಮ ನೆರೆಯವರು. ಬರುವ ಜೂನ್‌ನಲ್ಲಿ ಮೊದಲ ಮಳೆ ಮಾಡಿಗೆ ಬಡಿದಾಗ ಅವರನ್ನು ಒಮ್ಮೆ ನೆನೆಯೋಣ.