ಚೀಸು ಒಡೆಯದೆ ಕರಗುವ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ‘ಕೇಸೋ’ ಎಂಬ ತಿನಿಸು ಬಹಳ ಜನಪ್ರಿಯವಾದುದು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಶಬ್ದಕ್ಕೆ ಚೀಸು ಎಂದೇ ಅರ್ಥ. ಕರಗಿಸಿದ ಚೀಸಿಗೆ ಮೆಣಸಿನಕಾಯಿ, ಟೊಮೆಟೊ ಮತ್ತು ಹುರಿದ ಗೋಮಾಂಸದ ಕೈಮಾ ಬೆರೆಸಿ ಬಿಸಿಬಿಸಿಯಾಗಿ ಬಡಿಸುತ್ತಾರೆ. ಮೆಕ್ಕೆಜೋಳದ ಚಿಪ್ಸುಗಳನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಮಾಡುವ ಕ್ರಮವೇನೋ ಸುಲಭ. ಆದರೆ ಬಲಿತ ಚೆಡ್ಡಾರ್ ಚೀಸನ್ನು ಹಾಗೆಯೇ ಒಲೆಯ ಮೇಲಿಟ್ಟು ಕಾಯಿಸಿದರೆ ನಯವಾದ ಗೊಜ್ಜು ದೊರೆಯುವುದಿಲ್ಲ. ಮೇಲೆ ಎಣ್ಣೆ ತೇಲಿ, ತಳದಲ್ಲಿ ರಬ್ಬರಿನಂತಹ ಗಂಟು ಉಳಿಯುವುದು. ಹೀಗೇಕೆ ಆಗುತ್ತದೆ?

ಉತ್ತರಕ್ಕಾಗಿ ಚೀಸಿನ ಒಳರಚನೆಯನ್ನು ನೋಡಬೇಕು. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್, ಚೀಸಿನಲ್ಲಿ ಬಲೆಯಂತೆ ಹೆಣೆದುಕೊಂಡಿರುತ್ತದೆ. ಬಲೆಯ ಕಣ್ಣುಗಳಲ್ಲಿ ಕೊಬ್ಬಿನ ಹನಿಗಳೂ ನೀರೂ ಸೆರೆಯಾಗಿರುತ್ತವೆ. ಕೇಸೀನ್ ಅಣುಗಳನ್ನು ಒಂದಕ್ಕೊಂದು ಬಿಗಿಯುವ ಗಂಟುಗಳಲ್ಲಿ ಕ್ಯಾಲ್ಸಿಯಂ ಮುಖ್ಯವಾದುದು. ಶಾಖ ತಗುಲಿದೊಡನೆ ಮೊದಲು ಕೊಬ್ಬು ಕರಗುವುದು. ಶಾಖ ಏರಿದಂತೆ ಬಲೆಯೂ ಸಡಿಲವಾಗಿ ಚೀಸು ಹರಿಯತೊಡಗುವುದು. ಶಾಖ ಮಿತಿಮೀರಿತೆಂದರೆ ಪ್ರೋಟೀನುಗಳು ಮತ್ತೆ ಮುದುಡಿಕೊಂಡು, ಒದ್ದೆ ಬಟ್ಟೆಯನ್ನು ಹಿಂಡಿದಂತೆ ನೀರನ್ನೂ ಕೊಬ್ಬನ್ನೂ ಹೊರಗೆ ತಳ್ಳುವುವು. ಬಲಿತ ಚೀಸಿನಲ್ಲಿ ನೀರು ಕಡಮೆ. ಅದರ ಪ್ರೋಟೀನೂ ಬಹುಮಟ್ಟಿಗೆ ತುಂಡಾಗಿರುತ್ತದೆ. ಆದುದರಿಂದಲೇ ಅದು ಬೇಗ ಒಡೆಯುವುದು.

ಈ ತೊಡಕಿಗೆ ಪರಿಹಾರ ದೊರೆತದ್ದು ಸ್ವಿಟ್ಜರ್ಲೆಂಡಿನಲ್ಲಿ. 1911ರಲ್ಲಿ ಥೂನ್ ಎಂಬ ಊರಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಎಂಬವರು, ಬಹುಕಾಲ ಕೆಡದಿರುವ ಚೀಸನ್ನು ತಯಾರಿಸಲು ಯತ್ನಿಸುತ್ತ, ಚೀಸಿಗೆ ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಸೇರಿಸಿ ಕಾಯಿಸಿದರು. ಚೀಸು ಒಡೆಯದೆ ನಯವಾಗಿ ಕರಗಿತು. ಸಿಟ್ರೇಟು ಕೇಸೀನಿನ ಬಳಿಯಿರುವ ಕ್ಯಾಲ್ಸಿಯಮ್ಮನ್ನು ಸೆಳೆದುಕೊಂಡು, ಅದರ ಸ್ಥಾನದಲ್ಲಿ ಸೋಡಿಯಮ್ಮನ್ನು ಬಿಡುತ್ತದೆ. ಗಂಟು ಬಿಚ್ಚಿದ ಕೇಸೀನ್ ನೀರಿನಲ್ಲಿ ಹರಡಿಕೊಳ್ಳುತ್ತದೆ. ಅದರ ಒಂದು ಭಾಗಕ್ಕೆ ನೀರಿನ ಮೇಲೆ ಒಲವು, ಇನ್ನೊಂದಕ್ಕೆ ಕೊಬ್ಬಿನ ಮೇಲೆ. ಹೀಗಾಗಿ ಅದು ಕೊಬ್ಬಿನ ಪ್ರತಿಯೊಂದು ಹನಿಯನ್ನೂ ಸುತ್ತುವರಿದು, ಹನಿಗಳು ಒಂದುಗೂಡದಂತೆ ಕಾಯುತ್ತದೆ. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ತನ್ನ ಸಂಸ್ಕರಣ ವಿಧಾನಕ್ಕೆ 1916ರಲ್ಲಿ ಪೇಟೆಂಟು ಪಡೆದನು. ಕೇಸೋವಿಗೆ ಹೆಚ್ಚಾಗಿ ಬಳಕೆಯಾಗುವ ‘ವೆಲ್ವೀಟ’ವನ್ನು 1918ರಲ್ಲಿ ಎಮಿಲ್ ಫ್ರೈ ಎಂಬಾತನು ರೂಪಿಸಿದನು. ನಮ್ಮ ಅಂಗಡಿಗಳಲ್ಲಿ ದೊರೆಯುವ ಸಂಸ್ಕರಿತ ಚೀಸೂ ಇದೇ ಜಾತಿಯದು.

ಈ ಲವಣವನ್ನು ನಾವೇ ತಯಾರಿಸಬಹುದು. ನಿಂಬೆರಸಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿದರೆ ಇಂಗಾಲದ ಡೈಆಕ್ಸೈಡು ನೊರೆನೊರೆಯಾಗಿ ಹೊರಡುವುದು. ನೊರೆ ನಿಂತ ಬಳಿಕ ಉಳಿಯುವ ದ್ರವದಲ್ಲಿ ಸೋಡಿಯಂ ಸಿಟ್ರೇಟ್ ಇರುತ್ತದೆ. ಅದನ್ನು ಸ್ವಲ್ಪ ಹಾಲಿನೊಡನೆ ಬೆರೆಸಿ, ಸಣ್ಣ ಉರಿಯಲ್ಲಿ ಚೀಸಿನ ತುರಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕದಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುವುದು. ಆದರೆ ಪನೀರಿನೊಡನೆ ಈ ಪ್ರಯೋಗ ಫಲಿಸದು. ಕುದಿವ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರಿನ ಪ್ರೋಟೀನುಗಳು ಬೇರೆ ಬಗೆಯಲ್ಲಿ ಬೆಸೆದುಕೊಂಡಿರುವುದರಿಂದ, ಅದು ಎಷ್ಟು ಕಾಯಿಸಿದರೂ ಹರಿಯುವುದಿಲ್ಲ.

ಇನ್ನು ಮಾಂಸದ ವಿಚಾರ. ಕೈಮಾ ಕಂದುಬಣ್ಣಕ್ಕೆ ತಿರುಗುವಾಗ ಹುಟ್ಟುವ ಪರಿಮಳಕ್ಕೆ ಕಾರಣ, ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವರ್ಣಿಸಿದ, ಅಮೈನೊ ಆಮ್ಲಗಳಿಗೂ ಸಕ್ಕರೆಗೂ ನಡುವಿನ ಕ್ರಿಯೆ. ಬಾಣಲೆಯಲ್ಲಿ ನೀರು ತುಂಬಿದ್ದರೆ ಉಷ್ಣತೆ 100° ಸೆಂಟಿಗ್ರೇಡನ್ನು ದಾಟದು. ಆಗ ಮಾಂಸ ಬೇಯುವುದೇ ಹೊರತು ಹುರಿಯದು. ಆದುದರಿಂದ ಸ್ವಲ್ಪಸ್ವಲ್ಪವಾಗಿ ಹುರಿಯಬೇಕು. ಬಿಟ್ಟುಕೊಂಡ ಕೊಬ್ಬನ್ನು ಬಸಿದು ತೆಗೆಯದಿದ್ದರೆ ಅದು ಚೀಸಿನಲ್ಲಿ ಬೆರೆಯದೆ ಮೇಲೆ ತೇಲುವುದು.

ರುಚಿಗಿಂತ ಮುಖ್ಯವಾದುದು ಇನ್ನೊಂದಿದೆ. ದನದ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಗಳು ವಧೆಯ ಕಾಲದಲ್ಲಿ ಮಾಂಸಕ್ಕೆ ಅಂಟಬಹುದು. ಇಡಿಯಾದ ತುಂಡಿನಲ್ಲಿ ಅವು ಮೇಲ್ಮೈಯಲ್ಲಿಯೇ ಇರುವುದರಿಂದ ಹುರಿಯುವಾಗ ಸಾಯುವುವು. ಅರೆದಾಗಲಾದರೋ ಮೇಲಿನದೆಲ್ಲ ಒಳಗೆ ಸೇರಿಹೋಗುವುದು. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಸರಿಯಾಗಿ ಬೇಯದ ಕೈಮಾದಿಂದ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು, ನಾಲ್ವರು ಮಕ್ಕಳು ಸತ್ತರು. ಕೈಮಾದ ಒಳಭಾಗ 71° ಸೆಂಟಿಗ್ರೇಡ್ ಮುಟ್ಟಬೇಕೆಂಬುದು ಅಲ್ಲಿಯ ಸರಕಾರದ ಸಲಹೆ. ಬಣ್ಣವನ್ನು ನಂಬುವಂತಿಲ್ಲ, ಆ ಮಟ್ಟ ಮುಟ್ಟುವ ಮೊದಲೇ ಮಾಂಸ ಕಂದಾಗುವುದುಂಟು. ಉಷ್ಣಮಾಪಕವೊಂದೇ ನಿಜವಾದ ಸಾಕ್ಷಿ.

ಬೇಯಿಸಿದ ಮಾತ್ರಕ್ಕೆ ಎಚ್ಚರ ತಪ್ಪಬಾರದು. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಈ ಶಾಖದಲ್ಲಿಯೂ ಬದುಕಿ ಉಳಿದು, ಪದಾರ್ಥ ಆರಿದಾಗ ಮೊಳೆತು ಹೆಚ್ಚುವುವು. ಅದಕ್ಕಾಗಿ ಕೇಸೋವನ್ನು 60° ಸೆಂಟಿಗ್ರೇಡಿಗಿಂತ ಮೇಲೆಯೇ ಇಟ್ಟಿರಬೇಕು. ಆರಿದುದನ್ನು ಎರಡು ಗಂಟೆಯೊಳಗೆ ಶೀತಪೆಟ್ಟಿಗೆಗೆ ಸೇರಿಸಬೇಕು. ಚೀಸು ಗಟ್ಟಿಯಾಗದೆ ಹರಿಯುತ್ತಿರಲು ಬೇಕಾದುದೂ ಈ ಬಿಸಿಯೇ. ಪಾತ್ರೆಯಲ್ಲಿ ಗೊಜ್ಜು ಬಿಗಿಯತೊಡಗಿತೆಂದರೆ, ಮತ್ತೆ ಒಲೆಗೇರಿಸುವ ಹೊತ್ತಾಯಿತೆಂದು ತಿಳಿಯಬೇಕು.